ಎಡಗೈ ಕ್ವಾರ್ಟರ್‌ಬ್ಯಾಕ್ ನೋಟ್‌ಬುಕ್: 8 ವಾರದಲ್ಲಿ ಎಲ್ಲಿಗೆ ಬಂತು

ಮೊದಲ ವಾರ

ಕ್ವಾರ್ಟರ್‌ಬ್ಯಾಕ್ ಅಂದ್ರೆ ಅಮೆರಿಕನ್ ಫುಟ್‌ಬಾಲಲ್ಲಿ ಚೆಂಡು ಎಸೆದು ಟೀಮಿನ ಆಟ ನಡೆಸೋನು, ಅವರಲ್ಲಿ ಎಡಗೈಯವರ ಈ ನೋಟ್‌ಬುಕ್ ಶುರುವಾಗಿದ್ದು ಮಗಳಿಂದ. ಅವಳಿಗೆ 9 ವರ್ಷ, ಎಡಗೈ, ಈ ಸೀಸನ್ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿದೀವಿ, ಮೊದಲ ಪ್ರಾಕ್ಟೀಸ್ ಮುಗಿಸಿ ಕಾರ್ ಹತ್ತಿದವಳೇ "ಅಪ್ಪಾ, ನನ್ ಕೈಲಿ ಎಸೆಯೋರು ಟೀವಿಲಿ ಯಾರಾದ್ರೂ ಇದಾರಾ" ಅಂದ್ಲು. ಇದಾರೆ ಪುಟ್ಟಾ ಅಂದೆ, ಮನೆಗೆ ಬಂದು ಒಂದು 200 ಪೇಜಿನ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಟೀಮಿನ ಹಳೇ ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್ ಹೆಸರು ಬರೆದೆ. ನಾನೂ ಎಡಚನೇ, ಅಥವಾ ಆಗಿದ್ದೆ. ತಿಪಟೂರಲ್ಲಿ ಅಜ್ಜಿ ಮನೇಲಿ ಬೆಳೆದವನು, ಊಟ, ಬರೆಯೋದು, ಕಾಸು ಕೊಡೋದು ಎಲ್ಲಾ ಬಲಗೈಗೆ ಮಾಡಿಸಿದ್ರು, ಈಗ ಎಡಗೈಯಲ್ಲಿ ಉಳಿದಿರೋದು ಎಸೆಯೋದು ಮತ್ತೆ ಹಲ್ಲುಜ್ಜೋದು ಅಷ್ಟೇ.

ಅದೇ ಭಾನುವಾರ ಫ್ರೀಮಾಂಟಿನ ಭಾವನ ಮನೆಗೆ ಊಟಕ್ಕೆ ಹೋಗಿದ್ವಿ. ಭಾವ 1996ರಲ್ಲಿ ಈ ದೇಶಕ್ಕೆ ಬಂದವರು, ಬಂದ ವರ್ಷದಿಂದ, ಆಗ ಓಕ್ಲೆಂಡಲ್ಲಿದ್ದ ರೈಡರ್ಸ್ ಟೀಮಿನ ಅಭಿಮಾನಿ, ಟೀಮ್ 2020ರಲ್ಲಿ ಲಾಸ್ ವೇಗಸ್‌ಗೆ ಹೋದ್ರೂ ಬಿಟ್ಟಿಲ್ಲ. ಮೊದಲ ಪುಟದಲ್ಲಿ ಯಂಗ್ ಹೆಸರು ನೋಡಿ "ಏನಯ್ಯಾ ಇದು, ಸ್ಟೇಬ್ಲರ್ ಎಲ್ಲಿ?" ಅಂತ ರೈಡರ್ಸ್‌ನ ಹಳೇ ಎಡಗೈ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್ ಬಗ್ಗೆ ಶುರು ಮಾಡಿದ್ರು, ಅಕ್ಕ ಬಂದು ಸಾರು ಬಡಿಸೋವರೆಗೂ ನಿಲ್ಲಿಸಲಿಲ್ಲ. ಸರಿ ಭಾವ, ಇಬ್ಬರನ್ನೂ, ಉಳಿದ ಎಡಗೈಯವರನ್ನೂ ಕೂತು ನೋಡಿ ಯಾರು ಮೇಲು ಅಂತ ಪಟ್ಟಿ ಮಾಡೋಣ ಅಂತ ಒಪ್ಪಂದ ಆಯ್ತು. ನಿಯಮ ಇಷ್ಟು: ವೃತ್ತಿಪರ ಆಟ ಮಾತ್ರ ಲೆಕ್ಕಕ್ಕೆ, ಕಾಲೇಜ್ ಬೇಡ, ಒಬ್ಬೊಬ್ಬರದೂ ಕನಿಷ್ಠ ಒಂದು ಪೂರ್ತಿ ಮ್ಯಾಚ್ ಸಿಕ್ಕಿದ್ರೆ ನೋಡಬೇಕು, ಹೈಲೈಟ್ಸ್ ನೋಡಿ ಮಾರ್ಕ್ಸ್ ಕೊಡೋ ಹಾಗಿಲ್ಲ, ಮತ್ತೆ ಯಾರನ್ನೇ ಆಗಲಿ ಅವರ ಕಾಲದವರ ಜೊತೆಗೇ ಹೋಲಿಸಬೇಕು.

ಎರಡನೇ ವಾರ

ಶನಿವಾರ ಮಗಳನ್ನ ಕರ್ಕೊಂಡು ಸ್ಯಾನ್ ಫ್ರಾನ್ಸಿಸ್ಕೋ ಕೆಜಾರ್ ಸ್ಟೇಡಿಯಂಗೆ ಹೋದೆ. ಗೋಲ್ಡನ್ ಗೇಟ್ ಪಾರ್ಕಿನ ಮೂಲೇಲಿದೆ, ಹಳೇದನ್ನ 1989ರಲ್ಲಿ ಕೆಡವಿ ಚಿಕ್ಕದಾಗಿ ಮತ್ತೆ ಕಟ್ಟಿದಾರೆ, ಈಗ ಟ್ರ್ಯಾಕಲ್ಲಿ ಜನ ಓಡ್ತಾರೆ. ಫಾರ್ಟಿನೈನರ್ಸ್ 1946ರಿಂದ 1970ರವರೆಗೆ ಆಡಿದ್ದು ಇಲ್ಲೇ, ಅವರ ಮೊದಲ ಕ್ವಾರ್ಟರ್‌ಬ್ಯಾಕ್ ಫ್ರ್ಯಾಂಕಿ ಆಲ್ಬರ್ಟ್ ಎಡಗೈಯವನು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದವನು, ಅಂದ್ರೆ ನಮ್ಮ ಮನೆಯಿಂದ ಹತ್ತಿರದಲ್ಲೇ. 1948ರಲ್ಲಿ 29 ಟಚ್‌ಡೌನ್ ಪಾಸ್, ಅಂದ್ರೆ ಮೈದಾನದ ತುದಿಯ ಎಂಡ್ ಝೋನ್ ಮುಟ್ಟಿ ಅಂಕ ತರೋ ಪಾಸ್, ಎಸೆದು ಆಗಿನ ಎಎಎಫ್‌ಸಿ ಲೀಗಲ್ಲಿ ಆಟೋ ಗ್ರಾಹಮ್ ಜೊತೆ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ, ಹಂಚಿಕೊಂಡ. ಬೂಟ್‌ಲೆಗ್ ಅನ್ನೋ ಆಟ, ಅಂದ್ರೆ ಚೆಂಡು ಓಡೋನ ಕೈಗೆ ಕೊಟ್ಟ ಹಾಗೆ ತೋರಿಸಿ, ತೊಡೆ ಹಿಂದೆ ಮುಚ್ಚಿಟ್ಟುಕೊಂಡು ತಾನೇ ಇನ್ನೊಂದು ಕಡೆ ಓಡೋದು, ಅದನ್ನ ಹುಟ್ಟುಹಾಕಿದವನು ಅಂತ ಅವನಿಗೆ ಹೆಸರು. ಮಗಳು ಅಲ್ಲೇ ಹುಲ್ಲಲ್ಲಿ ನೀರಿನ ಬಾಟಲ್ ಬಚ್ಚಿಟ್ಟುಕೊಂಡು ನಾಲ್ಕು ಸಲ ಬೂಟ್‌ಲೆಗ್ ಓಡಿದ್ಲು. ಆಲ್ಬರ್ಟ್‌ನ ಪೂರ್ತಿ ಮ್ಯಾಚ್ ಸಿಗಲಿಲ್ಲ, ಅದಕ್ಕೆ ರ‍್ಯಾಂಕ್ ಕೊಟ್ಟಿಲ್ಲ, ಅವನಿಗೆ ಬೇರೆಯೇ ಒಂದು ಪುಟ ಇಟ್ಟಿದೀನಿ.

ಅವತ್ತು ವಾಪಸ್ ಬರ್ತಾ ಹೊಳೆದದ್ದು, ಆಲ್ಬರ್ಟ್, ಯಂಗ್, ಸ್ಟೇಬ್ಲರ್, ಮೂವರೂ ಈ ಕೊಲ್ಲಿಯ ಸುತ್ತಲೇ ಹೆಸರು ಮಾಡಿದವರು, ಇಬ್ಬರು ಸ್ಯಾನ್ ಫ್ರಾನ್ಸಿಸ್ಕೋ ದಡ, ಒಬ್ಬ ಓಕ್ಲೆಂಡ್ ದಡ. 15 ವರ್ಷದಿಂದ ಇಲ್ಲೇ ಇದೀನಿ, ಒಂದು ಸಲವೂ ಹಾಗೆ ಜೋಡಿಸಿ ನೋಡಿರಲಿಲ್ಲ.

ಮೂರನೇ ವಾರ: ಯಂಗ್

ಸೂಪರ್ ಬೌಲ್ 29, ಅಂದ್ರೆ ಎನ್‌ಎಫ್‌ಎಲ್ ಅನ್ನೋ ಈ ದೇಶದ ದೊಡ್ಡ ಲೀಗಿನ ಫೈನಲ್, 1995ರ ಜನವರಿ 29, ಎದುರಾಳಿ ಸ್ಯಾನ್ ಡಿಯೇಗೋ ಚಾರ್ಜರ್ಸ್. ಪೂರ್ತಿ ನೋಡಿದ್ವಿ, ಎರಡು ರಾತ್ರಿ ಹಿಡೀತು, ಯಾಕಂದ್ರೆ ನಾನು ಪ್ರತಿ ಪಾಸ್‌ಗೂ ನಿಲ್ಲಿಸಿ ಬರೀತಿದ್ದೆ. ಮೂರನೇ ಆಟಕ್ಕೇ 44 ಯಾರ್ಡಿನ ಪಾಸ್, ಜೆರ್ರಿ ರೈಸ್‌ಗೆ, ಟಚ್‌ಡೌನ್. ಆಮೇಲೆ ರಿಕಿ ವಾಟರ್ಸ್‌ಗೆ 51 ಯಾರ್ಡ್. ಒಟ್ಟು 6 ಟಚ್‌ಡೌನ್ ಪಾಸ್, ಅದು ದಾಖಲೆ, 325 ಯಾರ್ಡ್, ಮ್ಯಾಚ್ 49-26. ಜನ ಇದನ್ನೆಲ್ಲಾ ಹೇಳ್ತಾರೆ, ಆದ್ರೆ ಅವತ್ತು ಎರಡೂ ಟೀಮಲ್ಲಿ ಅತಿ ಹೆಚ್ಚು ಓಡಿದವನೂ ಅವನೇ, 49 ಯಾರ್ಡ್, ಇದು ಯಾರ ಬಾಯಲ್ಲೂ ಬರಲ್ಲ.

ನನಗೆ ಯಂಗ್ ದೊಡ್ಡವನು ಅನ್ನಿಸೋದು ಅವನು ಕಾದ ರೀತಿಗೆ. ಟ್ಯಾಂಪಾ ಬೇನಲ್ಲಿ ಎರಡು ಸೀಸನ್, ಶುರುವಿಂದ ಆಡಿದ 19 ಮ್ಯಾಚಲ್ಲಿ ಗೆದ್ದದ್ದು 3. ಅಲ್ಲಿಂದ 1987ರಲ್ಲಿ ಇಲ್ಲಿಗೆ ಬಂದ್ರೆ ಮುಂದೆ ಆಗಲೇ ದೊಡ್ಡ ಹೆಸರಿನ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ನಿಂತಿದಾನೆ, ನಾಲ್ಕು ವರ್ಷ ಬೆಂಚು. ಮಧ್ಯೆ ಸಿಕ್ಕ ಅವಕಾಶದಲ್ಲಿ 1988ರ ವೈಕಿಂಗ್ಸ್ ಮ್ಯಾಚಲ್ಲಿ ಆ 49 ಯಾರ್ಡಿನ ಓಟ, ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು ಕೊನೇಲಿ ಕಾಲು ಸೋತು ಬೀಳ್ತಾ ಬೀಳ್ತಾ ಎಂಡ್ ಝೋನ್ ಮುಟ್ಟೋದು, ಅದನ್ನ ಮಗಳು ಎಷ್ಟು ಸಲ ಹಾಕಿಸಿಕೊಂಡು ನೋಡಿದ್ಲೋ. 1991ರಿಂದ ಜಾಗ ಅವನದಾಯ್ತು, 1992 ಮತ್ತೆ 1994ರಲ್ಲಿ ಎಂವಿಪಿ, ಆರು ಸೀಸನ್ ಪಾಸರ್ ರೇಟಿಂಗ್ ಅನ್ನೋ ಪಾಸ್ ಎಸೆತದ ಅಂಕದಲ್ಲಿ ಇಡೀ ಲೀಗಿಗೆ ಮೊದಲು. 1994ರ 112.8 ಆಗಿನ ದಾಖಲೆ, ಅದು ಮುರಿದದ್ದು ಮೊಂಟಾನಾನ 112.4 ಅನ್ನೇ. 2005ರಲ್ಲಿ ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಮೊದಲ ಎಡಗೈ ಕ್ವಾರ್ಟರ್‌ಬ್ಯಾಕ್. ಈ ಪುಟದ ಕೆಳಗೆ ಪೆನ್ನಲ್ಲೇ 1 ಅಂತ ಬರೆದೆ, ಪೆನ್ಸಿಲಲ್ಲಲ್ಲ.

ನಾಲ್ಕನೇ ವಾರ: ಸ್ಟೇಬ್ಲರ್, ಭಾವನ ಮನೇಲಿ

ಈ ವಾರ ನನ್ನ ಅಭಿಪ್ರಾಯ ತುಂಬಾ ಬದಲಾಯ್ತು, ಹಾಗಾಗಿ ಉದ್ದ ಬರೀತೀನಿ.

ಸ್ಟೇಬ್ಲರ್ ವಿರುದ್ಧ ಎಲ್ಲರೂ ಹೇಳೋದು ಒಂದೇ, 194 ಟಚ್‌ಡೌನ್‌ಗೆ 222 ಇಂಟರ್‌ಸೆಪ್ಷನ್, ಅಂದ್ರೆ ಎದುರಾಳಿ ಕೈಗೆ ಸಿಕ್ಕ ಪಾಸ್. ನಾನೂ ಅದನ್ನೇ ಹಿಡ್ಕೊಂಡು ಕೂತಿದ್ದೆ, ಯಂಗ್‌ದು 232ಕ್ಕೆ 107 ಭಾವ, ಇದ್ರಲ್ಲಿ ಚರ್ಚೆ ಎಲ್ಲಿದೆ ಅಂದೆ. ಭಾವ ಕೂಗಾಡಲಿಲ್ಲ. ಅದೇ ಕಾಲದ ಬೇರೆ ಇಬ್ಬರು ಕ್ವಾರ್ಟರ್‌ಬ್ಯಾಕ್ ಹೆಸರು ಬರೆಸಿದ್ರು. ಜೋ ನೇಮತ್, 173ಕ್ಕೆ 220. ಟೆರಿ ಬ್ರ್ಯಾಡ್‌ಶಾ, 212ಕ್ಕೆ 210. ಇಬ್ಬರೂ ಹಾಲ್ ಆಫ್ ಫೇಮಲ್ಲಿ ಎಷ್ಟೋ ಮೊದಲೇ ಇದ್ದೋರು. ಆ ಕಾಲದ ಆಟವೇ ಹಾಗಿತ್ತು, ಪಾಸ್ ಹಿಡಿಯೋ ರಿಸೀವರ್ ಓಡೋ ದಾರಿಯುದ್ದಕ್ಕೂ ಡಿಫೆಂಡರ್ ಅವನನ್ನ ತಳ್ಳಬಹುದಿತ್ತು, 1978ರಲ್ಲಿ 5 ಯಾರ್ಡ್ ಆದಮೇಲೆ ಮುಟ್ಟಬಾರದು ಅಂತ ನಿಯಮ ಬಂತು, ಕ್ವಾರ್ಟರ್‌ಬ್ಯಾಕನ್ನ ಕಾಯೋಕೆ ಲೈನಲ್ಲಿ ನಿಂತವರಿಗೂ ಕೈ ಚಾಚಿ ತಡೆಯೋಕೆ ಬಿಟ್ಟರು, ಪಾಸ್ ಎಸೆಯೋರಿಗೆ ಉಸಿರಾಡೋಕೆ ಜಾಗ ಸಿಕ್ಕಿದ್ದೇ ಆಮೇಲೆ. ಯಂಗ್ ಆಡಿದ್ದು ಪೂರ್ತಿ ಈ ನಿಯಮದ ಒಳಗೆ, ಸ್ಟೇಬ್ಲರ್‌ನ ಒಳ್ಳೇ ವರ್ಷಗಳೆಲ್ಲಾ ಅದಕ್ಕೂ ಮುಂಚೆ. ಅವರವರ ಕಾಲದವರ ಜೊತೆ ಹೋಲಿಸಬೇಕು ಅಂತ ನಿಯಮ ಮಾಡಿದವನು ನಾನೇ, ಮೊದಲು ಮುರಿದವನೂ ನಾನೇ ಆಗಿದ್ದೆ.

ಹಾಗೆ ಇಟ್ಟು ನೋಡಿದ್ರೆ 1974ರಲ್ಲಿ 26 ಟಚ್‌ಡೌನ್, ಲೀಗಿಗೇ ಹೆಚ್ಚು, ಎಂವಿಪಿ. 1976ರಲ್ಲಿ 27, ಅದೂ ಲೀಗಿಗೇ ಹೆಚ್ಚು, ಎಸೆದ ಮೂರರಲ್ಲಿ ಎರಡು ಪಾಸ್ ಸರಿಯಾಗಿ ತಲುಪಿದೆ, ರೈಡರ್ಸ್ 13 ಗೆದ್ದು 1 ಸೋತ್ರು, ಕೊನೆಗೆ ವೈಕಿಂಗ್ಸನ್ನ 32-14 ಸೋಲಿಸಿ ಸೂಪರ್ ಬೌಲ್. ಸೂಪರ್ ಬೌಲ್ ಗೆದ್ದ ಮೊದಲ ಎಡಗೈ ಕ್ವಾರ್ಟರ್‌ಬ್ಯಾಕ್ ಅವನು, ಯಂಗ್ ಅಲ್ಲ.

ಆಮೇಲೆ 1974ರ ಡಿಸೆಂಬರ್ 21ರ ಮಯಾಮಿ ಮ್ಯಾಚ್ ಹಾಕಿದ್ರು. ಎರಡು ಸಲ ಸತತ ಚಾಂಪಿಯನ್ ಆಗಿದ್ದ ಡಾಲ್ಫಿನ್ಸ್, ಕೊನೇ ನಿಮಿಷ, ಹಿಂದಿನಿಂದ ಒಬ್ಬ ಕಾಲು ಹಿಡಿದು ಬೀಳಿಸ್ತಾ ಇದಾನೆ, ಸ್ಟೇಬ್ಲರ್ ಮುಂದಕ್ಕೆ ಮುಗ್ಗರಿಸ್ತಾನೇ ಎಡಗೈಲಿ ಚೆಂಡನ್ನ ಮೇಲಕ್ಕೆ ಬಿಟ್ಟ, 8 ಯಾರ್ಡ್ ಅಷ್ಟೇ, ಅಲ್ಲಿ ಡಾಲ್ಫಿನ್ಸ್‌ನವರ ಕೈಗಳ ನಡುವೆ ಕ್ಲಾರೆನ್ಸ್ ಡೇವಿಸ್ ಕಿತ್ತುಕೊಂಡ. 28-26. ಅದಕ್ಕೆ ಕೈಗಳ ಕಡಲು ಅಂತಲೇ ಹೆಸರು. ನಾವಿಬ್ರೂ ಎದ್ದು ನಿಂತಿದ್ವಿ, ಆಗಿ 50 ವರ್ಷ ಕಳೆದ ಮ್ಯಾಚ್‌ಗೆ, ಫಲಿತಾಂಶ ಗೊತ್ತಿದ್ದೂ.

ಸ್ಟೇಬ್ಲರ್ 2015ರ ಜುಲೈನಲ್ಲಿ ತೀರಿಕೊಂಡ, ಹಾಲ್ ಆಫ್ ಫೇಮ್ ಸಿಕ್ಕಿದ್ದು 2016ರಲ್ಲಿ. ಇದು ಹೇಳ್ತಾ ಭಾವನ ಧ್ವನಿ ಸಣ್ಣದಾಯ್ತು. ಸತ್ತ ಮೇಲೆ ಮೆದುಳು ಪರೀಕ್ಷೆ ಮಾಡಿದಾಗ ಸಿಟಿಇ ಇತ್ತು, ತಲೆಗೆ ಪೆಟ್ಟು ಬಿದ್ದೂ ಬಿದ್ದೂ ಆಗೋ ಕಾಯಿಲೆ. ಯಂಗ್ ಕೂಡ 1999ರಲ್ಲಿ ಅರಿಜೋನಾ ಎದುರು ತಲೆಗೆ ಬಿದ್ದ ಪೆಟ್ಟಿನ ಮೇಲೆ ಮತ್ತೆ ಆಡಲೇ ಇಲ್ಲ. ಮಗಳು ಆಡೋದು ಫ್ಲ್ಯಾಗ್, ಸೊಂಟದ ಪಟ್ಟಿ ಎಳೆದ್ರೆ ಮುಗೀತು, ಮೈಮೇಲೆ ಬಿದ್ದು ಕೆಡವೋ ಟ್ಯಾಕಲ್ ಇಲ್ಲ, ಅದು ಹಾಗೇ ಇರಲಿ ಅಂತ ಅವತ್ತು ರಾತ್ರಿ ನಾನೂ ನನ್ನ ಹೆಂಡ್ತಿನೂ ಮಾತಾಡಿಕೊಂಡ್ವಿ.

ಮೊದಲ ಸ್ಥಾನ ಬದಲಾಗಲಿಲ್ಲ, ಆದ್ರೆ ಸ್ಟೇಬ್ಲರ್ ನಾಲ್ಕರಿಂದ ಎರಡಕ್ಕೆ ಬಂದ.

ಐದನೇ ವಾರ

ಆಫೀಸಲ್ಲಿ ರಿಲೀಸ್ ಇತ್ತು, ಜಾಸ್ತಿ ಆಗಲಿಲ್ಲ. ಬೂಮರ್ ಎಸಾಯಸನ್ ಪುಟ ಮುಗೀತು: 37,920 ಯಾರ್ಡ್, 247 ಟಚ್‌ಡೌನ್, ಎರಡೂ ಎಡಗೈಯವರಲ್ಲಿ ಅತಿ ಹೆಚ್ಚು, 1988ರ ಎಂವಿಪಿ, ಹಾಲ್ ಆಫ್ ಫೇಮ್ ಇಲ್ಲ. ಸಿನ್ಸಿನಾಟಿಯಲ್ಲಿ ಕೋಚ್ ಸ್ಯಾಮ್ ವೈಷ್ ಜೊತೆ ಮಾಡಿದ, ನಡುವೆ ಗುಂಪು ಸೇರಿ ಮಾತಾಡದೇ ಆಡೋ ನೋ-ಹಡಲ್ ಆಟ ನೋಡ್ಬೇಕು, ಎದುರಿನವರು ಆಟಗಾರರನ್ನ ಬದಲಾಯಿಸೋಕೂ ಪುರುಸೊತ್ತು ಕೊಡ್ತಿರಲಿಲ್ಲ. 1989ರ ಜನವರಿಯ ಸೂಪರ್ ಬೌಲಲ್ಲಿ ಮೊಂಟಾನಾ ಕೊನೆಗೆ 92 ಯಾರ್ಡ್ ಸಾಗಿ 20-16 ಗೆದ್ದ, ಎಸಾಯಸನ್ ಆ ಬದಿ ನಿಂತು ನೋಡ್ತಿದ್ದ, ಈ ಬದಿ ಬೆಂಚಲ್ಲಿ ಯಂಗ್ ಇದ್ದ. ಆ 92 ಯಾರ್ಡ್ ಆಗದೇ ಇದ್ದಿದ್ರೆ ಎಸಾಯಸನ್ ಬಗ್ಗೆ ನಾವು ಬೇರೆ ಥರಾನೇ ಮಾತಾಡ್ತಿದ್ವಿ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ. ಮೂರನೇ ಸ್ಥಾನ.

ಮಾರ್ಕ್ ಬ್ರುನೆಲ್, 1996ರಲ್ಲಿ 4,367 ಯಾರ್ಡ್, ಲೀಗಿಗೇ ಹೆಚ್ಚು, ಜಾಕ್ಸನ್‌ವಿಲ್ ಟೀಮ್ ಹುಟ್ಟಿ ಎರಡನೇ ಸೀಸನ್ನಿಗೇ ಡೆನ್ವರ್‌ಗೆ ಹೋಗಿ 30-27 ಗೆದ್ದು ಬಂದ. ಐದು.

ಆರನೇ ವಾರ: ವಿಕ್, ಮತ್ತೆ ಚೆಂಡು ತಿರುಗೋದು

ನಾಲ್ಕನೇ ಸ್ಥಾನ ಯಾರಿಗೆ ಅಂತ ನಿಮಗೀಗ ಗೊತ್ತಾಗಿರ್ಬೇಕು. ಆಫೀಸಲ್ಲಿ ಅಟ್ಲಾಂಟಾದಲ್ಲಿ ಬೆಳೆದ ಒಬ್ಬ ಸಹೋದ್ಯೋಗಿ ಇದಾನೆ, ಅವನ ಪ್ರಕಾರ ಮೈಕಲ್ ವಿಕ್ ಒಂದನೇ ಸ್ಥಾನ, ಚರ್ಚೆಯೇ ಬೇಡ. ಅವನು ಹೇಳೋದ್ರಲ್ಲಿ ತೂಕ ಇದೆ. 1972ರಲ್ಲಿ ಶಿಕಾಗೋದ ಬಾಬಿ ಡಗ್ಲಸ್ ಅನ್ನೋ ಎಡಗೈ ಕ್ವಾರ್ಟರ್‌ಬ್ಯಾಕ್ 968 ಯಾರ್ಡ್ ಓಡಿದ್ದ, ಆ ದಾಖಲೆ 34 ವರ್ಷ ನಿಂತಿತ್ತು, 2006ರಲ್ಲಿ ಮುರಿದದ್ದು ಇನ್ನೊಬ್ಬ ಎಡಗೈಯವನು, ವಿಕ್, 1,039. 2003ರ ಜನವರಿಯಲ್ಲಿ ವಿಕ್‌ನ ಅಟ್ಲಾಂಟಾ ಟೀಮಿನವರು ಗ್ರೀನ್ ಬೇ ಪ್ಯಾಕರ್ಸ್‌ನ ಲ್ಯಾಂಬೋ ಫೀಲ್ಡ್‌ಗೆ ಹೋಗಿ 27-7 ಸೋಲಿಸಿದ್ರು, ಪ್ಯಾಕರ್ಸ್ ಸ್ವಂತ ನೆಲದಲ್ಲಿ ಪ್ಲೇಆಫ್ ಮ್ಯಾಚ್ ಸೋತದ್ದು ಅದೇ ಮೊದಲು. ನಾಯಿ ಕಾಳಗದ ಕೇಸಲ್ಲಿ ಜೈಲಿಗೆ ಹೋಗಿ ಬಂದು 2010ರಲ್ಲಿ ಆಡಿದ್ದು ಅವನ ಅತ್ಯುತ್ತಮ ವರ್ಷ. ಆ ಕೇಸಿನ ವಿಷಯ ಮಗಳಿಗೆ ಮುಚ್ಚಿಡಲಿಲ್ಲ, ಹೇಳಿದೆ, ಅವಳು ತುಂಬಾ ಹೊತ್ತು ಮಾತಾಡಲಿಲ್ಲ, ಆ ಪುಟಕ್ಕೆ ಚಿತ್ರ ಅಂಟಿಸೋದು ಬೇಡ ಅಂದ್ಲು, ಬೇಡ ಅಂತ ಬಿಟ್ವಿ. ಆಟದ ಲೆಕ್ಕಕ್ಕೆ ನಾಲ್ಕು, ಪಾಸ್ ತಲುಪಿಸೋದ್ರಲ್ಲಿ ಮೇಲಿನ ಮೂವರ ಮಟ್ಟ ಇಲ್ಲ, ಸಹೋದ್ಯೋಗಿ ಇನ್ನೂ ಒಪ್ಪಿಲ್ಲ.

ಇದೇ ವಾರ ಒಂದು ಪ್ರಯೋಗ. ಬಲಗೈಯವರು ಎಸೆದ ಚೆಂಡು ಅವರ ಬೆನ್ನ ಹಿಂದಿನಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತೆ, ನಮ್ಮದು ಉಲ್ಟಾ. ಪಾರ್ಕಲ್ಲಿ ಇನ್ನೊಂದು ಮಗುವಿನ ಅಪ್ಪ ಬಲಗೈಯವರು, ಅವರು 20, ನಾನು 20, ಮಕ್ಕಳು ಹಿಡಿಯೋದು. ಮಕ್ಕಳೆಲ್ಲಾ ನನ್ನ ಚೆಂಡು ಕೈಗೆ ಬಂದಮೇಲೆ ಬೇರೆ ಕಡೆ ಜಾರುತ್ತೆ ಅಂತಾನೇ ಹೇಳಿದ್ರು, ನನ್ನ ಮಗಳೂ ಸೇರಿ. ನಮ್ಮ ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಬೌಲಿಂಗ್ ಆಡೋಕೂ ಆಫ್ ಸ್ಪಿನ್ನರ್ ಆಡೋಕೂ ಇರೋ ವ್ಯತ್ಯಾಸ ನೆನಪಾಯ್ತು. ಇನ್ನೊಂದು ಏನಂದ್ರೆ ಕ್ವಾರ್ಟರ್‌ಬ್ಯಾಕ್ ಎಡಗೈ ಆದ್ರೆ ಅವನು ನಿಲ್ಲೋ ದಿಕ್ಕೇ ತಿರುಗುತ್ತೆ, ಬೆನ್ನು ಬಲಗಡೆಗೆ ಬರುತ್ತೆ, ಕಣ್ಣಿಗೆ ಕಾಣದ ಆ ಕಡೆ ಕಾಯೋ ಕೆಲಸ ಲೈನಿನ ಎಡಗಡೆ ಕಾಯೋ ಲೆಫ್ಟ್ ಟ್ಯಾಕಲ್ ಬದಲು ಬಲಗಡೆಯ ರೈಟ್ ಟ್ಯಾಕಲ್‌ದು. ಇಷ್ಟೆಲ್ಲಾ ತಿರುಗಿಸೋ ಬದಲು ಹುಡುಗನನ್ನೇ ಬೇರೆ ಕಡೆ ಕಳಿಸೋದು ಸುಲಭ, ಬೇಸ್‌ಬಾಲಲ್ಲಿ ಎಡಗೈ ಪಿಚರ್‌ಗೆ ಬೇಡಿಕೆಯೂ ಇದೆ. ನಾವು ಇಷ್ಟು ಕಮ್ಮಿ ಇರೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಏಳನೇ ವಾರ: ಟುವಾ

2016ರ ಜನವರಿ ಶುರುವಲ್ಲಿ ಡಲ್ಲಾಸ್‌ನ ಕೆಲೆನ್ ಮೂರ್ ಆಡಿದ ಮೇಲೆ 2020ರ ನವೆಂಬರ್ 1ಕ್ಕೆ ಮಯಾಮಿಯ ಟುವಾ ಟಗೋವೈಲೋವಾ ಇಳಿಯೋವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಎಡಗೈಯವನೂ ಶುರುವಿಂದ ಆಡಿರಲಿಲ್ಲ. ಅವನು ಹವಾಯಿಯ ಹುಡುಗ, ಹುಟ್ಟಾ ಬಲಗೈಯವನು. ಅಪ್ಪ ಎಡಗೈ, ಮಗನೂ ಹಾಗೇ ಎಸೀಬೇಕು ಅಂತ ಚಿಕ್ಕಂದಿನಲ್ಲೇ ತಿರುಗಿಸಿದ್ರು. 2023ರಲ್ಲಿ 4,624 ಯಾರ್ಡ್, ಲೀಗಿಗೇ ಮೊದಲು.

ಇದನ್ನ ಬರೆದು ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಅಜ್ಜಿ ನನ್ನ ಎಡಗೈಯಿಂದ ಬಳಪ ತೆಗೆದು ಬಲಗೈಗೆ ಇಡ್ತಿದ್ದದ್ದು, "ಬಲಗೈಲಿ ಬರಿ ಕಂದಾ, ಮೇಷ್ಟ್ರು ಹೊಡೀತಾರೆ" ಅಂತಿದ್ದದ್ದು. ಅವರಿಗಿದ್ದದ್ದು ಭಯ, ಕೋಪ ಅಲ್ಲ, ಅದು ನನಗೆ ಈಗ ಗೊತ್ತಾಗುತ್ತೆ. ಮಗಳಿಗೆ ಎರಡೂ ಕಥೆ ಹೇಳಿದೆ. "ನಿಂಗೆ ಬಳಪ ವಾಪಸ್ ಈ ಕೈಗೆ ತಗೋಬೇಕು ಅನ್ನಿಸ್ಲಿಲ್ವಾ" ಅಂದ್ಲು. ಅನ್ನಿಸ್ತಿತ್ತು ಅಂದೆ. ಈ ನೋಟ್‌ಬುಕ್ಕಲ್ಲಿ ಟುವಾ ಪುಟದಿಂದ ಮುಂದೆ ಎಡಗೈಲೇ ಬರೀತಿದೀನಿ, ಅಕ್ಷರ ದೊಡ್ಡದು, ಓರೆ, ಒಂದು ಸಾಲಿಗೆ ನಾಲ್ಕೇ ಪದ ಹಿಡಿಯುತ್ತೆ.

ಎಂಟನೇ ವಾರ

ಪಟ್ಟಿ ಇವತ್ತಿಗೆ: ಯಂಗ್, ಸ್ಟೇಬ್ಲರ್, ಎಸಾಯಸನ್, ವಿಕ್, ಬ್ರುನೆಲ್, ಟುವಾ. ನಾನು ಪೆನ್ನಲ್ಲಿ ಬರೆದ ಆ 1ರ ಪಕ್ಕ ಭಾವ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಹಿ ಮಾಡಿದಾರೆ, ಇರಲಿ ಅಂತ ಬಿಟ್ಟಿದೀನಿ. ಬಾಕಿ ಇರೋದು ಸಿಯಾಟಲ್‌ನ ಜಿಮ್ ಝೋರ್ನ್, ಡೆಟ್ರಾಯಿಟ್‌ನ ಸ್ಕಾಟ್ ಮಿಚೆಲ್, ಆಮೇಲೆ 2012ರ ಜನವರಿಯ, ಡೆನ್ವರ್‌ನ ಟಿಮ್ ಟೀಬೋನ ಆ 80 ಯಾರ್ಡಿನ ಓವರ್‌ಟೈಮ್ ಪಾಸ್, ಅದಕ್ಕೆ ಒಂದು ಪುಟ ಬೇಕೇ ಬೇಕು. ಹೊಸಬರಲ್ಲಿ ಮೈಕಲ್ ಪೆನಿಕ್ಸ್, ಡಿಲನ್ ಗೇಬ್ರಿಯಲ್, ಇಬ್ಬರ ಹೆಸರೂ ಖಾಲಿ ಪುಟದ ಮೇಲೆ ಬರೆದಿಟ್ಟಿದೀನಿ.

ಶನಿವಾರದ ಮ್ಯಾಚಲ್ಲಿ ಕೋಚ್ ಮಗಳನ್ನ ಮೊದಲ ಸಲ ಕ್ವಾರ್ಟರ್‌ಬ್ಯಾಕ್ ಮಾಡಿದ್ರು, ಎರಡನೇ ಅರ್ಧದಲ್ಲಿ, ನಾಲ್ಕು ಆಟಕ್ಕೆ. ಎಡಗಡೆಗೆ ಓಡಿ ಎಸೆದ್ಲು, ಮೊದಲ ಎರಡು ನೆಲಕ್ಕೆ, ಮೂರನೇದು ಚೂಪಾಗಿ ತಿರುಗಿಕೊಂಡು ಹೋಗಿ ಒಬ್ಬ ಹುಡುಗನ ಎದೆಗೆ ಬಿತ್ತು, ಹಿಡಿದ. 7 ಯಾರ್ಡ್. ಕಾರಲ್ಲಿ ಕೂತು ನೋಟ್‌ಬುಕ್ ಕೊನೇ ಪುಟ ತೆಗೆದು ತನ್ನ ಹೆಸರು ಬರೆದುಕೊಂಡ್ಲು, ಅದರ ಮುಂದೆ 1/3 ಅಂತ ಹಾಕಿದ್ಲು, ನಾಲ್ಕನೇದು ಓಟ ಆಗಿತ್ತು ಅದು ಪಾಸ್ ಲೆಕ್ಕಕ್ಕೆ ಬರಲ್ಲ ಅಂತ ನನಗೇ ವಿವರಿಸಿದ್ಲು.