ಹಣತೆಯ ಬೆಳಕಿನಲ್ಲಿ ಮೆಟ್ರಾಯ್ಡ್ ಪ್ರೈಮ್ 3

ಆಸ್ಟಿನ್, ನವೆಂಬರ್ 3, 2024, ಭಾನುವಾರ ರಾತ್ರಿ

ಬೇಸಿಗೆಯ ಸಮಯ ಮುಗಿದು, ಇಂದು ನಸುಕಿನಲ್ಲಿ ಇಲ್ಲಿನ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಸರಿದವು. ಹಾಗೆ ಹೆಚ್ಚುವರಿಯಾಗಿ ದೊರೆತ ಒಂದು ಗಂಟೆಯನ್ನೂ ಅದರ ಜೊತೆಗೆ ಸಂಜೆಯ ಮೂರು ಗಂಟೆಗಳನ್ನೂ ನಾನು ಮತ್ತು ಮಗಳು ‘ಮೆಟ್ರಾಯ್ಡ್ ಪ್ರೈಮ್ 3: ಕರಪ್ಷನ್’ ಎಂಬ ವಿಡಿಯೊ ಆಟ ಆಡುವುದರಲ್ಲಿ ಕಳೆದೆವು. ಈ ಆಟ ಅಮೆರಿಕದಲ್ಲಿ ಬಿಡುಗಡೆಯಾದದ್ದು 2007ರ ಆಗಸ್ಟ್ ಕೊನೆಯಲ್ಲಿ. ಆಗ ನಾನು ಓದಲೆಂದು ಈ ಊರಿಗೆ ಬಂದು ಎರಡು ವಾರವೂ ತುಂಬಿರಲಿಲ್ಲ. ನಿಂಟೆಂಡೊ ಸಂಸ್ಥೆಗಾಗಿ ಅದನ್ನು ರೂಪಿಸಿದ ರೆಟ್ರೊ ಸ್ಟುಡಿಯೋಸ್ ಇರುವುದೂ ಇದೇ ಆಸ್ಟಿನ್‌ನಲ್ಲಿ ಎಂದು ತಿಳಿದಾಗ, ಯಾರ ಪರಿಚಯವೂ ಇಲ್ಲದ ಊರಿನಲ್ಲಿ ನನಗೊಂದು ನೆಂಟಸ್ತಿಕೆ ಸಿಕ್ಕಂತಾಗಿತ್ತು. ಹದಿನೇಳು ವರ್ಷಗಳ ಮೇಲೆ ಮತ್ತೆ ಆಡಿದಾಗಲೂ ಮನಸ್ಸು ಅಷ್ಟೇ ತುಂಬಿ ಬಂದಿದೆ. ಏಕೆಂಬುದನ್ನು ಮಲಗುವ ಮೊದಲೇ ಬರೆದಿಡಬೇಕು.

ನಿನ್ನೆ ಬಲಿಪಾಡ್ಯಮಿಯ ಪೂಜೆ, ಊಟಗಳು ಮುಗಿದ ಮೇಲೆ ಈ ಆಟ ಆಡಲು ಬೇಕಾದ ನಿಂಟೆಂಡೊದ ಹಳೆಯ ವೀ ಯಂತ್ರವನ್ನು ಅಟ್ಟದಿಂದ ಇಳಿಸಿದೆ. ಯಂತ್ರ ಚೆನ್ನಾಗಿಯೇ ಚಾಲೂ ಆಯಿತು, ಡಿಸ್ಕನ್ನೂ ಓದಿತು. ಆದರೆ ಟೀವಿಯ ಕೆಳಗೆ ಇಡುವ ಸೆನ್ಸರ್ ಬಾರ್‌ನ ತೆಳ್ಳನೆಯ ತಂತಿ, ಹಿಂದೆ ಮನೆ ಬದಲಿಸುವಾಗ ನಾನೇ ಬಿಗಿಯಾಗಿ ಸುತ್ತಿಟ್ಟಿದ್ದರಿಂದ, ಪ್ಲಗ್ಗಿನ ಬುಡದಲ್ಲಿ ಕಿತ್ತುಹೋಗಿತ್ತು. ಅದಿಲ್ಲದಿದ್ದರೆ ರಿಮೋಟ್ ಪರದೆಯ ಯಾವ ಜಾಗವನ್ನು ತೋರಿಸುತ್ತಿದೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಮಗಳ ಮುಖ ಸಪ್ಪಗಾಯಿತು. ದೇವರ ಮುಂದೆ ಇನ್ನೂ ಉರಿಯುತ್ತಿದ್ದ ಹಣತೆಗಳ ಕಡೆಗೆ ನನ್ನ ಕಣ್ಣು ಹೋದದ್ದು ಆಗಲೇ.

ಸೆನ್ಸರ್ ಬಾರ್ ಎಂಬ ಹೆಸರು ಜನರನ್ನು ದಾರಿ ತಪ್ಪಿಸುವಂಥದ್ದು, ಏಕೆಂದರೆ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ಐದೈದು ಪುಟ್ಟ ದೀಪಗಳಿವೆ. ಅವು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುತ್ತವೆ. ತಂತಿ ಇರುವುದು ಆ ದೀಪಗಳಿಗೆ ವಿದ್ಯುತ್ತು ಕೊಡುವುದಕ್ಕೆ ಮಾತ್ರ. ನೋಡುವ ಕಣ್ಣು ಇರುವುದು ನಮ್ಮ ಕೈಯಲ್ಲಿರುವ ರಿಮೋಟಿನ ಮೂತಿಯಲ್ಲಿ. ಅಲ್ಲಿನ ಪುಟ್ಟ ಕ್ಯಾಮೆರಾ ಆ ಎರಡು ಬೆಳಕಿನ ಚುಕ್ಕೆಗಳನ್ನು ಕಂಡು, ಅವು ತನ್ನ ನೋಟದಲ್ಲಿ ಎಲ್ಲಿವೆ, ಎಷ್ಟು ದೂರ ದೂರವಿವೆ, ಎಷ್ಟು ಓರೆಯಾಗಿವೆ ಎಂಬುದರ ಮೇಲೆ ನಮ್ಮ ಕೈ ಎತ್ತ ತಿರುಗಿದೆ ಎಂದು ಲೆಕ್ಕ ಹಾಕಲು ನೆರವಾಗುತ್ತದೆ. ಉರಿಯುವ ಬತ್ತಿಯೂ ಅದೇ ಅವಕೆಂಪು ಬೆಳಕನ್ನು ಧಾರಾಳವಾಗಿ ಬೀರುವುದರಿಂದ, ಸ್ಟೀಲ್ ತಟ್ಟೆಯೊಂದರಲ್ಲಿ ಒಂದು ಗೇಣು ಅಂತರದಲ್ಲಿ ಎರಡು ಹಣತೆಗಳನ್ನಿಟ್ಟು, ತಟ್ಟೆಯನ್ನು ಟೀವಿಯ ಮುಂದಿನ ಮಣೆಯ ಮೇಲಿರಿಸಿ, ಕೋಣೆಯ ಉಳಿದ ದೀಪಗಳನ್ನು ಆರಿಸಿದೆ. ಪರದೆಯ ಮೇಲೆ ಗುರಿಯ ಗುರುತು ಮೂಡಿತು. “ಅಪ್ಪಾ, ದೀಪ ನಮ್ಮನ್ನು ನೋಡ್ತಿದೆಯಾ?” ಎಂದು ಮಗಳು ಕೇಳಿದಳು. ದೀಪ ನೋಡುವುದಿಲ್ಲ ಮಗಳೇ, ನಿನ್ನ ಕೈ ದೀಪವನ್ನು ನೋಡುತ್ತಿದೆ ಎಂದೆ. ಅವಳು ರಿಮೋಟಿನ ಮೂತಿಯನ್ನು ತನ್ನತ್ತ ತಿರುಗಿಸಿ, ಅದರ ಕಪ್ಪು ಗಾಜನ್ನು ಬಹಳ ಹೊತ್ತು ನೋಡಿದಳು.

ಜ್ವಾಲೆ ಅಲುಗಿದರೆ ಗುರಿಯೂ ನಡುಗುತ್ತದೆ. ಏಸಿಯ ಗಾಳಿ ತಟ್ಟೆಯತ್ತ ಬೀಸುತ್ತಿದ್ದಷ್ಟು ಹೊತ್ತು ಗುರುತು ಒಂದೆಡೆ ನಿಲ್ಲಲೇ ಇಲ್ಲ. ಏಸಿ ಆರಿಸಿ, ಎರಡೂ ಬತ್ತಿಗಳ ಕುಡಿಯನ್ನು ಚಿವುಟಿ ಸಮ ಮಾಡಿದ ಮೇಲೆ ಆಟ ಹಿಡಿತಕ್ಕೆ ಬಂದಿತು.

ಆಟದ ವಿಷಯಕ್ಕೆ ಬರುತ್ತೇನೆ. ಮೆಟ್ರಾಯ್ಡ್ ಸರಣಿ ಆರಂಭವಾದದ್ದು ಜಪಾನಿನಲ್ಲಿ, 1986ರಲ್ಲಿ. ಅದರ ನಾಯಕಿ ಸ್ಯಾಮಸ್ ಆರನ್ ಒಂಟಿಯಾಗಿ ಗ್ರಹದಿಂದ ಗ್ರಹಕ್ಕೆ ಹೋಗುವ ಬೇಟೆಗಾರ್ತಿ. ಅವಳ ಬಲಗೈ ಇಡೀ ಒಂದು ಫಿರಂಗಿಯೊಳಗೆ ಸೇರಿಕೊಂಡಿರುತ್ತದೆ. 2002ರಲ್ಲಿ ರೆಟ್ರೊ ಸ್ಟುಡಿಯೋಸ್ ‘ಮೆಟ್ರಾಯ್ಡ್ ಪ್ರೈಮ್’ ಮೂಲಕ ಅವಳ ಶಿರಸ್ತ್ರಾಣದ ಒಳಗಿನಿಂದಲೇ ನಾವು ಲೋಕವನ್ನು ನೋಡುವಂತೆ ಮಾಡಿತು. ಆ ಆಟ ನನಗೆ ಬಹಳ ಇಷ್ಟ. ಆದರೆ ವೀಗೂ ಹಿಂದಿನ ಗೇಮ್‌ಕ್ಯೂಬ್ ಯಂತ್ರದ ಆ ಹಳೆಯ ನಿಯಂತ್ರಣದಲ್ಲಿ ನಡೆಯುವುದೂ ತಿರುಗುವುದೂ ಹೆಬ್ಬೆರಳಿನಿಂದ ಆಡಿಸುವ ಒಂದೇ ಕಡ್ಡಿಯಿಂದ ಆಗಬೇಕಿತ್ತು. ಮೇಲೆ ಕೆಳಗೆ ನೋಡಬೇಕೆಂದರೆ ನಿಂತಲ್ಲೇ ನಿಂತು ಒಂದು ಗುಂಡಿಯನ್ನು ಒತ್ತಿ ಹಿಡಿಯಬೇಕಿತ್ತು. ಮೂರನೆಯ ಭಾಗದಲ್ಲಿ ಈ ಕಟ್ಟು ಕಳಚಿತು. ರಿಮೋಟಿಗೆ ತಂತಿಯಿಂದ ಜೋಡಿಸಿ ಎಡಗೈಯಲ್ಲಿ ಹಿಡಿಯುವ ನನ್‌ಚಕ್ಕಿನ ಕಡ್ಡಿಯಿಂದ ಹೆಜ್ಜೆ, ಬಲಗೈಯ ರಿಮೋಟಿನಿಂದ ನೋಟ ಮತ್ತು ಗುರಿ. ಬಲಗೈಯಲ್ಲೇ ಫಿರಂಗಿ ಹೊತ್ತಿರುವ ನಾಯಕಿಗೆ, ಆಡುವವರ ಬಲಗೈಯಿಂದಲೇ ಗುರಿ ಹಿಡಿಸುವ ಈ ಏರ್ಪಾಡಿಗಿಂತ ಸಹಜವಾದದ್ದು ಬೇರೆ ಇರಲಾರದು.

ಗುರಿಯ ಚುರುಕನ್ನು ಆರಿಸಿಕೊಳ್ಳಲು ಬೇಸಿಕ್, ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್ ಎಂಬ ಮೂರು ಬಗೆಗಳಿವೆ. ಮೊದಲೆರಡರಲ್ಲಿ ಗುರುತು ಪರದೆಯ ಅಂಚಿನ ಹತ್ತಿರಕ್ಕೆ ಹೋದ ಮೇಲೆಯೇ ನೋಟ ತಿರುಗತೊಡಗುತ್ತದೆ. ಅಡ್ವಾನ್ಸ್ಡ್‌ನಲ್ಲಿ ಕೈ ಕೊಂಚ ಸರಿದರೂ ನೋಟ ಹಿಂಬಾಲಿಸುತ್ತದೆ. ಮಗಳು ನಿನ್ನೆ ಬೇಸಿಕ್‌ನಲ್ಲಿ ತೊಡಗಿ ಇಂದು ಮಧ್ಯಾಹ್ನದ ಹೊತ್ತಿಗೆ ಅಡ್ವಾನ್ಸ್ಡ್‌ಗೆ ಬಂದಿದ್ದಳು. ಹೊಸಬರು ತೋಳನ್ನೇ ಬೀಸುತ್ತಾರೆ, ಅವಳೂ ಹಾಗೆಯೇ ಮಾಡಿದಳು. ಮೊಣಕೈಯನ್ನು ತೊಡೆಯ ಮೇಲೆ ಊರಿ ಮಣಿಕಟ್ಟನ್ನು ಮಾತ್ರ ಆಡಿಸು ಎಂದು ತೋರಿಸಿಕೊಟ್ಟೆ. ಐದು ನಿಮಿಷದಲ್ಲಿ ಅವಳ ಕೈ ನನ್ನದಕ್ಕಿಂತ ಹಗುರಾಯಿತು.

ಚಲನೆಯಿಂದ ಆಡುವ ಆಟಗಳು ಆ ಕಾಲದಲ್ಲಿ ಬಹಳ ಬಂದವು. ಅವುಗಳಲ್ಲಿ ಹೆಚ್ಚಿನವು ಗುಂಡಿ ಒತ್ತಬೇಕಾದ ಕಡೆ ಕೈ ಅಲುಗಿಸುವಂತೆ ಮಾಡಿ, ಅದನ್ನೇ ಹೊಸತನ ಎಂದವು. ಕೈ ಅಲುಗಿಸುವುದರಲ್ಲಿ ಅರ್ಥವಿಲ್ಲದಿದ್ದರೆ ಗುಂಡಿಯೇ ಮೇಲು, ಏಕೆಂದರೆ ಗುಂಡಿ ಎಂದೂ ತಪ್ಪುವುದಿಲ್ಲ. ಈ ಆಟದಲ್ಲೂ ಅಂತಹ ದೌರ್ಬಲ್ಯ ಇಲ್ಲದಿಲ್ಲ: ಸ್ಯಾಮಸ್ ಚೆಂಡಿನ ರೂಪ ತಾಳಿ ಉರುಳುವಾಗ ನೆಗೆಯಬೇಕೆಂದರೆ ರಿಮೋಟನ್ನು ಮೇಲಕ್ಕೆ ಕುಕ್ಕಬೇಕು, ಇಕ್ಕಟ್ಟಾದ ಸುರಂಗಗಳಲ್ಲಿ ಅದು ನನ್ನನ್ನು ಹಲವು ಸಲ ಕೈಬಿಟ್ಟಿತು. ಆದರೆ ಉಳಿದೆಡೆಗಳಲ್ಲಿ ಕೈಯ ಚಲನೆಗೂ ಸ್ಯಾಮಸ್ ಮಾಡುವ ಕೆಲಸಕ್ಕೂ ನೇರ ಸಂಬಂಧವಿದೆ. ಬಾಗಿಲಿನ ಪಕ್ಕದ ಹಿಡಿಕೆಯನ್ನು ಹಿಡಿದು, ಹೊರಕ್ಕೆ ಎಳೆದು, ತಿರುಚಿ, ಮತ್ತೆ ಒಳಕ್ಕೆ ದೂಡಬೇಕಾದ ಜಾಗವನ್ನೇ ನೋಡಿ. ರಿಮೋಟನ್ನು ಹಿಂದಕ್ಕೆ ಎಳೆದಾಗ ಹಿಡಿಕೆ ಬರುತ್ತದೆ, ಮಣಿಕಟ್ಟು ತಿರುಗಿದಷ್ಟೇ ಅದು ತಿರುಗುತ್ತದೆ, ದೂಡಿದಾಗ ಅಂಗೈಯಲ್ಲಿ ಒಂದು ಸಣ್ಣ ಕಂಪನ, ರಿಮೋಟಿನ ಸ್ಪೀಕರಿನಿಂದ ಒಂದು ಸದ್ದು. ಎರಡು ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ತುಂಡು ಕೈಯಲ್ಲಿದೆ ಎಂಬುದು ಆ ಕ್ಷಣ ಮರೆತುಹೋಗುತ್ತದೆ. ಇಂತಹ ಕಡೆ ಆಟ ರೂಪಿಸಿದವರು ಅವಸರಪಡಿಸುವುದೂ ಇಲ್ಲ, ನೀಟಾಗಿ ಮಾಡಿದ ಕೆಲಸಕ್ಕೆ ಸಿಗುವ ತೃಪ್ತಿಯಷ್ಟನ್ನೇ ಕೊಟ್ಟು ಮುಂದೆ ಕಳುಹಿಸುತ್ತಾರೆ.

ನನ್ನನ್ನು ಬರೆಯಲು ಕೂರಿಸಿದ್ದು ಮಾತ್ರ ಎಡಗೈಯ ಚಲನೆ. ಸ್ಯಾಮಸ್‌ಳ ಎಡಗೈಯಲ್ಲಿ ಗ್ರ್ಯಾಪಲ್ ಲ್ಯಾಸೊ ಎಂಬ ಬೆಳಕಿನ ಹಗ್ಗವಿದೆ, ಆಟದ ಆರಂಭದಲ್ಲೇ ಸಿಗುತ್ತದೆ. ಎಳೆಯಬಹುದಾದ ವಸ್ತುವಿನ ಮೇಲೆ ಗುರಿ ಕಟ್ಟಿ, ಗಾಳ ಎಸೆಯುವಂತೆ ನನ್‌ಚಕ್ಕನ್ನು ಮುಂದಕ್ಕೆ ಬೀಸಿದರೆ ಹಗ್ಗ ಹೋಗಿ ಕಚ್ಚುತ್ತದೆ. ಫಕ್ಕನೆ ಹಿಂದಕ್ಕೆ ಜಗ್ಗಿದರೆ ವಸ್ತು ಕಿತ್ತುಬರುತ್ತದೆ. ನನ್‌ಚಕ್ಕಿನೊಳಗಿನ ಆಕ್ಸಿಲರೋಮೀಟರ್ ಗುರುತಿಸುವುದು ಕೈ ಎಷ್ಟು ದೂರ ಹೋಯಿತು ಎಂಬುದನ್ನಲ್ಲ, ಅದರ ವೇಗ ಎಷ್ಟು ಥಟ್ಟನೆ ಬದಲಾಯಿತು ಎಂಬುದನ್ನು. ಆದ್ದರಿಂದ ದೊಡ್ಡದಾಗಿ ಬೀಸುವುದಕ್ಕಿಂತ ಚಿಕ್ಕದಾಗಿ, ಚುರುಕಾಗಿ ಜಗ್ಗುವುದು ಫಲಿಸುತ್ತದೆ. ಮೊದಮೊದಲು ಇದರಿಂದ ಕಲ್ಲು, ಕಬ್ಬಿಣದ ತಡೆಗಳನ್ನು ಕೀಳುತ್ತೇವೆ, ಆಮೇಲೆ ಕಡಲ್ಗಳ್ಳರಂತೆ ಬಾಹ್ಯಾಕಾಶದಲ್ಲಿ ಸುಲಿಗೆ ಮಾಡುವ ಸ್ಪೇಸ್ ಪೈರೇಟ್‌ಗಳ ಕೈಯಿಂದ ಗುರಾಣಿ ಕಸಿಯುತ್ತೇವೆ. ಮಗಳಿಗೆ ಇದೆಷ್ಟು ಹಿಡಿಸಿತೆಂದರೆ, ಬೇಕಿಲ್ಲದ ಕಡೆಯೂ ಜಗ್ಗಿ ನೋಡುತ್ತಿದ್ದಳು.

ಕತೆಯಲ್ಲಿ ಸ್ಯಾಮಸ್‌ಗೆ ಮೂವರು ಸಹ ಬೇಟೆಗಾರರಿದ್ದಾರೆ: ಹಿಮವನ್ನು ಆಳುವ ರುಂಡಾಸ್, ಬಹುಪಾಲು ಯಂತ್ರವೇ ಆಗಿರುವ ಘೋರ್, ಬೇಕಾದ ರೂಪ ತಾಳುವ ಗ್ಯಾಂಡ್ರೇಡಾ. ನೋರಿಯನ್ ಗ್ರಹದ ಆಳವಾದ ಕೊಳವೆಯೊಂದರಲ್ಲಿ ಮೆಟಾ ರಿಡ್ಲಿ ಎಂಬ ರೆಕ್ಕೆಯ ಮೃಗದೊಡನೆ ಕೆಳಕ್ಕೆ ಬೀಳುತ್ತಲೇ ಹೋರಾಡಬೇಕಾದ ಪ್ರಸಂಗವಿದೆ. ಆ ಕಾದಾಟ ಮುಗಿದು ಸ್ಯಾಮಸ್ ಪಾತಾಳಕ್ಕೆ ಬೀಳುತ್ತಿರುವಾಗ ಹಿಮದ ಮೇಲೆ ಜಾರಿಬಂದು ಅವಳನ್ನು ಹಿಡಿದುಕೊಳ್ಳುವವನು ರುಂಡಾಸ್. ನಿನ್ನೆ ರಾತ್ರಿ ಆ ದೃಶ್ಯಕ್ಕೆ ಮಗಳು ಚಪ್ಪಾಳೆ ತಟ್ಟಿದ್ದಳು. ಬಳಿಕ ಸ್ಯಾಮಸ್‌ಳನ್ನೇ ಹೋಲುವ ಡಾರ್ಕ್ ಸ್ಯಾಮಸ್‌ಳ ದಾಳಿಗೆ ನಾಲ್ವರೂ ಸಿಲುಕುತ್ತಾರೆ. ಫೇಜಾನ್ ಎಂಬ ನೀಲಿಯಾಗಿ ಹೊಳೆಯುವ ವಿಷವಸ್ತು ಅವರ ಮೈಯಲ್ಲೇ ಹುಟ್ಟತೊಡಗುತ್ತದೆ. ಒಂದು ತಿಂಗಳ ಮೂರ್ಛೆಯ ನಂತರ ಸ್ಯಾಮಸ್ ಏಳುವಷ್ಟರಲ್ಲಿ ಉಳಿದ ಮೂವರು ಕೆಲಸದ ಮೇಲೆ ಹೋಗಿ ಕಣ್ಮರೆಯಾಗಿರುತ್ತಾರೆ.

ಮೈಯೊಳಗಿನ ವಿಷವನ್ನೇ ಅಸ್ತ್ರ ಮಾಡಿಕೊಳ್ಳುವ ಹೈಪರ್ ಮೋಡ್ ಈ ಆಟದ ಇನ್ನೊಂದು ದೊಡ್ಡ ಕಲ್ಪನೆ. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಶಕ್ತಿಯ ಒಂದು ಟ್ಯಾಂಕ್ ಫೇಜಾನ್ ಆಗಿ ಮಾರ್ಪಟ್ಟು, ಸುಮಾರು 25 ಸೆಕೆಂಡುಗಳ ಕಾಲ ಎದುರು ನಿಲ್ಲುವವರೇ ಇಲ್ಲದಂತಾಗುತ್ತದೆ. ಆದರೆ ನಡುವೆ ಅದು ತಾನೇ ಉಕ್ಕತೊಡಗಿದರೆ, ಹೊರಬರುವ ದಾರಿ ಮುಚ್ಚುತ್ತದೆ. ಸಿಕ್ಕಿದ ಕಡೆಗೆ ಗುಂಡು ಹಾರಿಸಿ ವಿಷವನ್ನು ಹೊರಗೆ ಚೆಲ್ಲಬೇಕು, ಇಲ್ಲವಾದರೆ ಸ್ಯಾಮಸ್ ಅದರ ಪಾಲಾಗುತ್ತಾಳೆ. ಶಿರಸ್ತ್ರಾಣದ ಗಾಜಿನಲ್ಲಿ ಆಗಾಗ ಅವಳ ಮುಖದ ಪ್ರತಿಬಿಂಬ ಕಾಣುತ್ತದೆ. ಆಟ ಮುಂದುವರಿದಂತೆ ಆ ಮುಖದ ಮೇಲೂ ವಿಷದ ಗುರುತು ಹೆಚ್ಚುತ್ತಾ ಹೋಗುತ್ತದೆ. ಉಳಿದ ಪಾತ್ರಗಳೆಲ್ಲ ಮಾತನಾಡುವ ಈ ಆಟದಲ್ಲಿ ಸ್ಯಾಮಸ್ ಮಾತ್ರ ತುಟಿ ಬಿಚ್ಚುವುದಿಲ್ಲ, ಹಾಗಾಗಿ ಆ ಪ್ರತಿಬಿಂಬವೇ ಅವಳ ಮಾತು ಎಂದು ನಾನು ತಿಳಿದಿದ್ದೇನೆ.

ಇಂದು ಸಂಜೆ ನಾವು ಬ್ರಾಯೋ ಗ್ರಹದಲ್ಲಿ ರುಂಡಾಸ್‌ನನ್ನು ಕಂಡೆವು. ಅವನು ಡಾರ್ಕ್ ಸ್ಯಾಮಸ್‌ಳ ವಶವಾಗಿದ್ದ, ಮೈಗೆಲ್ಲ ಹಿಮದ ಕವಚ ಹಾಕಿಕೊಂಡಿದ್ದ. ಅವನನ್ನು ಸೋಲಿಸುವ ದಾರಿ ಹೀಗಿದೆ: ಗುಂಡು ಹಾರಿಸಿ ಅವನು ತತ್ತರಿಸುವಂತೆ ಮಾಡಿ, ಆ ಕ್ಷಣದಲ್ಲಿ ಹಗ್ಗ ಎಸೆದು, ಅವನ ಕವಚವನ್ನು ಜಗ್ಗಿ ಕೀಳಬೇಕು. ಎರಡು ದಿನಗಳಿಂದ ಕಲ್ಲು ಕೀಳಲು, ಗುರಾಣಿ ಕಸಿಯಲು ನಗುನಗುತ್ತ ಮಾಡಿದ ಅದೇ ಚಲನೆ. ಮಗಳು ಮೊದಲ ಸಲ ಹಗ್ಗ ಎಸೆದಳು, ಅದು ಕಚ್ಚಿತು, ಬಲಗೈಯ ರಿಮೋಟ್ ನಡುಗಿತು, ಅವಳು ಎಡಗೈಯನ್ನು ಜಗ್ಗಲೇ ಇಲ್ಲ. “ಅಪ್ಪಾ, ಇವನೇ ಅಲ್ವಾ ನಮ್ಮನ್ನ ಹಿಡ್ಕೊಂಡಿದ್ದು?” ಎಂದಳು. ಅಷ್ಟರಲ್ಲಿ ರುಂಡಾಸ್ ಬಿಡಿಸಿಕೊಂಡು ಹಿಮದ ಈಟಿಗಳನ್ನು ಎಸೆಯತೊಡಗಿದ್ದ.

ಗುಂಡಿ ಒತ್ತುವುದಷ್ಟೇ ಆಗಿದ್ದರೆ ಅವಳು ಒತ್ತಿಬಿಡುತ್ತಿದ್ದಳು ಎಂದು ನನಗನ್ನಿಸುತ್ತದೆ. ಹೆಬ್ಬೆರಳಿಗೆ ಎಲ್ಲ ಗುಂಡಿಗಳೂ ಒಂದೇ. ಆದರೆ ಜಗ್ಗುವುದಕ್ಕೆ ತೋಳು ಬೇಕು, ತೋಳಿಗೆ ಮೈ ಒಪ್ಪಬೇಕು. 2007ರಲ್ಲಿ ನಾನು ಒಬ್ಬನೇ ಆಡಿದಾಗ ಇದೇ ಜಾಗದಲ್ಲಿ ನನಗೂ ಒಂದು ತೊಡಕು ಉಂಟಾಗಿತ್ತು, ಅದನ್ನು ಕೈಯ ಆಯಾಸ ಎಂದುಕೊಂಡಿದ್ದೆ. ಇಂದು ಅವಳ ಎಡಗೈ ಗಾಳಿಯಲ್ಲಿ ಹಾಗೆಯೇ ನಿಂತದ್ದನ್ನು ನೋಡಿದ ಮೇಲೆ ಅದು ಆಯಾಸವಾಗಿರಲಿಲ್ಲ ಎಂಬುದು ಗೊತ್ತಾಯಿತು.

ನಾನು ತೆಗೆದುಕೊಳ್ಳಲೇ ಎಂದು ಕೇಳಿದೆ. ಬೇಡ ಎಂದಳು. ಮತ್ತೆ ಸುತ್ತಿ ಬಂದು, ಅವನನ್ನು ತತ್ತರಿಸುವಂತೆ ಮಾಡಿ, ಹಗ್ಗ ಎಸೆದು, ಈ ಸಲ ಜಗ್ಗಿದಳು. ಕವಚ ಒಡೆದು ಚೂರಾಯಿತು. ಮೂರು ಸಲ ಸೋತು ನಾಲ್ಕನೆಯ ಸಲ ಅವಳು ಗೆಲ್ಲುವ ಹೊತ್ತಿಗೆ ಎಡಗಡೆಯ ಹಣತೆಯಲ್ಲಿ ಎಣ್ಣೆ ತಳ ಕಂಡಿತ್ತು, ಜ್ವಾಲೆ ಸಣ್ಣದಾಗಿ ಗುರಿ ಆಗಾಗ ಮಾಯವಾಗುತ್ತಿತ್ತು. ಕಾದಾಟ ಮುಗಿದರೂ ರುಂಡಾಸ್‌ಗೆ ಬಿಡುಗಡೆಯಿಲ್ಲ. ಅವನದೇ ಹಿಮದ ಮೊನೆ ಅವನನ್ನು ಇರಿಯುತ್ತದೆ, ಡಾರ್ಕ್ ಸ್ಯಾಮಸ್ ಬಂದು ಅವನನ್ನು ತನ್ನೊಳಗೆ ಎಳೆದುಕೊಳ್ಳುತ್ತಾಳೆ. ಸ್ಯಾಮಸ್‌ಗೆ ಉಳಿಯುವುದು ಐಸ್ ಮಿಸೈಲ್ ಎಂಬ ಹೊಸ ಅಸ್ತ್ರ, ಅಂದರೆ ಅವನ ಹಿಮವೇ.

ಈ ಚಲನೆಗಳಿಗಾಗಿ ವೀ ರಿಮೋಟ್ ಬೇಕೇ ಬೇಕು. 2009ರಲ್ಲಿ ಮೂರೂ ಭಾಗಗಳನ್ನು ಒಂದೇ ಡಿಸ್ಕಿನಲ್ಲಿ ತಂದಾಗ ಮೊದಲೆರಡಕ್ಕೂ ಇದೇ ರೀತಿ ಗುರಿ ಹಿಡಿಯುವ ಸೌಲಭ್ಯ ಕೊಟ್ಟರು. ಕಳೆದ ವರ್ಷ ಮೊದಲ ಭಾಗ ಸ್ವಿಚ್ ಯಂತ್ರಕ್ಕೆ ಹೊಸ ರೂಪದಲ್ಲಿ ಬಂತು. ಮೂರನೆಯದೂ ಬರಲಿ ಎಂಬುದು ನನ್ನ ಆಸೆ, ಆದರೆ ಬರುವಾಗ ಆ ಜಗ್ಗುವಿಕೆಯನ್ನು ಒಂದು ಗುಂಡಿಗೆ ಇಳಿಸದೆ ತರಲಿ.

ಮಗಳು ಐಸ್ ಮಿಸೈಲ್‌ನಿಂದ ಒಂದೇ ಒಂದು ಗುಂಡು ಹಾರಿಸಿ ನೋಡಿ, ಸೇವ್ ಮಾಡುವ ಕೋಣೆಯವರೆಗೆ ಸುಮ್ಮನೆ ನಡೆದಳು. ಎಡಗಡೆಯ ಹಣತೆ ಆರುವ ಮುನ್ನ ಆಟ ಉಳಿಸಿದ್ದಾಯಿತು. ನಾಳೆಗೆ ಹೊಸ ಬತ್ತಿ ಹೊಸೆದು ತಟ್ಟೆಯಲ್ಲಿಟ್ಟಿದ್ದೇನೆ. ಹೊಸ ಸೆನ್ಸರ್ ಬಾರ್ ತರಿಸಲೇ ಎಂದು ಕೇಳಿದ್ದಕ್ಕೆ, ಎಣ್ಣೆ ಸ್ವಲ್ಪ ಜಾಸ್ತಿ ಹಾಕಿದರೆ ಸಾಕು ಎಂದು ಹೇಳಿ ಮಲಗಲು ಹೋದಳು.