ಮೊದಲ ಹಚ್ಚೆ ಕನ್ನಡ ಅಕ್ಷರದ್ದಾದರೆ: ಟ್ಯಾಟೂ ಕೆಲಸ ಕಲಿಸಿದ್ದು

ಮೊದಲ ಸಲ ಟ್ಯಾಟೂ ಹಾಕಿಸಲು ಬರುವ ಬಹಳ ಜನ ಕೇಳುವುದು ಒಂದು ಹೆಸರನ್ನು. ಅಮ್ಮ, ಅಪ್ಪ, ಮಗಳು, ಮನೆದೇವರು. ಅದರ ಬೆನ್ನಿಗೇ ಬರುವ ಮಾತು "ಚಿಕ್ಕದಾಗಿ ಸಾಕು." ನಾಚಿಕೆ ಒಂದು ಕಾರಣ, ದುಡ್ಡು ಇನ್ನೊಂದು. ನಮ್ಮಲ್ಲಿ ಎಷ್ಟೋ ಸ್ಟುಡಿಯೋಗಳು ಚದರ ಇಂಚಿನ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುವುದರಿಂದ ಅಳತೆ ಇಳಿಸಿದರೆ ಬಿಲ್ಲೂ ಇಳಿಯುತ್ತದೆ. ಆದರೆ ಕನ್ನಡ ಅಕ್ಷರವನ್ನು ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಕೆಲವೇ ವರ್ಷಗಳಲ್ಲಿ ಅದು ಓದಲು ಬಾರದಂತಾಗುತ್ತದೆ.

ಸೂಜಿ ಬಣ್ಣ ಬಿಡುವುದು ಒಳಚರ್ಮದಲ್ಲಿ, ಸುಮಾರು 1ರಿಂದ 2 ಮಿ.ಮೀ. ಆಳದಲ್ಲಿ. ಅದಕ್ಕಿಂತ ಮೇಲೆ ಬಿಟ್ಟರೆ ಸಿಪ್ಪೆ ಸುಲಿಯುವಾಗ ಬಣ್ಣವೂ ಉದುರುತ್ತದೆ. ಆಳಕ್ಕೆ ಹೋದರೆ ಕೆಳಗಿನ ಕೊಬ್ಬಿನಲ್ಲಿ ಹರಡಿ ಗೆರೆಯ ಸುತ್ತ ನೀಲಿ ಮಬ್ಬು ಕಟ್ಟುತ್ತದೆ. ಇದನ್ನೇ ಕೆಲಸದವರು ಬ್ಲೋಔಟ್ ಅನ್ನುವುದು. ಸರಿಯಾದ ಆಳದಲ್ಲಿ ಕೂತ ಗೆರೆಯೂ ವರ್ಷ ಕಳೆದಂತೆ ಅಂಚಿನಲ್ಲಿ ಸ್ವಲ್ಪ ಹರಡಿ ದಪ್ಪವಾಗುತ್ತದೆ, ಅದನ್ನು ಯಾರೂ ತಡೆಯಲಾರರು. ನೇರ ಗೆರೆಯ ಇಂಗ್ಲಿಷ್ ಅಕ್ಷರ ಇದನ್ನು ತಡೆದುಕೊಳ್ಳುತ್ತದೆ. ನಮ್ಮ ಲಿಪಿಯಲ್ಲಿ ಅಕ್ಷರವನ್ನು ಗುರುತಿಸುವುದೇ ಸುಳಿಯ ಒಳಗಿನ ಖಾಲಿ ಜಾಗದಿಂದ. ದ ಮತ್ತು ಧ ಬೇರೆಯಾಗುವುದು ಕೆಳಗಿನ ಒಂದು ಸೀಳಿನಲ್ಲಿ. ಡ-ಢ, ಪ-ಫ, ಬ-ಭ ಕೂಡ ಹಾಗೇ. ಠ ಎಂಬುದು ರ ಆಗದಂತೆ ಕಾಯುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. 6 ಮಿ.ಮೀ. ಎತ್ತರದಲ್ಲಿ ಬರೆದ ‘ರಾಧಾ’ ಹಾಕಿದ ದಿನ ಮುದ್ದಾಗಿ ಕಾಣುತ್ತದೆ. ಆ ಸೀಳು ತುಂಬಿಕೊಂಡ ದಿನ ಅದು ‘ರಾದಾ’.

ಒತ್ತಕ್ಷರದ ಕಷ್ಟ ಇನ್ನೂ ಹೆಚ್ಚು. ಒತ್ತು ಮೂಲ ಅಕ್ಷರದ ಅರ್ಧದಷ್ಟೇ ಇರುತ್ತದೆ, ‘ಲಕ್ಷ್ಮಿ’ಯಲ್ಲಂತೂ ಒಂದೇ ಅಕ್ಷರಕ್ಕೆ ಎರಡು ಒತ್ತು. ಆದ್ದರಿಂದ ಒತ್ತನ್ನು ನೋಡಿ ಅಳತೆ ಇಡಬೇಕು. ‘ಅಮ್ಮ’ದಂಥ ಸರಳ ಪದಕ್ಕೆ ಮೂಲ ಅಕ್ಷರ 10ರಿಂದ 12 ಮಿ.ಮೀ., ‘ಲಕ್ಷ್ಮಿ’ಯಂಥದ್ದಕ್ಕೆ 15 ಮಿ.ಮೀ. ಇರಲಿ. ಗೆರೆಗೆ 3 ಅಥವಾ 5 ಸೂಜಿಯ ರೌಂಡ್ ಲೈನರ್ (ಗೆರೆ ಎಳೆಯಲು ಗುಂಡಗೆ ಜೋಡಿಸಿದ ಸೂಜಿಗಳ ಕಟ್ಟು) ಸಾಕು. ಯಾವ ಸುಳಿಯ ಒಳಗೂ ಗೆರೆಯ ದಪ್ಪದ ಮೂರು ಪಟ್ಟು ಜಾಗ ಖಾಲಿ ಉಳಿಯಬೇಕು. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಅದೇ ಅಳತೆಯಲ್ಲಿ ಪ್ರಿಂಟ್ ತೆಗೆದು ಅಕ್ಷರಗಳ ಮೇಲೆ ಸ್ಕೆಚ್ ಪೆನ್ನಿನಿಂದ ಒಮ್ಮೆ ತಿದ್ದಿ. ಯಾವ ಸುಳಿಯ ಕಣ್ಣು ಮುಚ್ಚಿಹೋಯಿತೋ ಅದು ಚರ್ಮದ ಮೇಲೂ ಮುಚ್ಚುತ್ತದೆ.

ಇನ್ನು ಕಾಗುಣಿತ. ಕನ್ನಡ ಜೋಡಣೆಗೆ ಸಿದ್ಧವಿಲ್ಲದ ಡಿಸೈನ್ ಸಾಫ್ಟ್‌ವೇರಿಗೆ ಹೆಸರನ್ನು ಕಾಪಿ ಮಾಡಿದರೆ ಒತ್ತು ಕಳಚಿ ‘ಅಮ್ಮ’ ಹೋಗಿ ‘ಅಮ್‌ಮ’ ಆಗುತ್ತದೆ, ಕೊಂಬು ಪಕ್ಕಕ್ಕೆ ಸರಿಯುತ್ತದೆ. ಕನ್ನಡ ಓದಲು ಬಾರದ ಕಲಾವಿದರಿಗೆ ಅದು ಕಾಣುವುದೇ ಇಲ್ಲ, ಅದೂ ಒಂದು ಚಿತ್ರದ ಹಾಗೇ ಕಾಣುತ್ತದೆ. ಹೆಸರನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಕೊಂಡೊಯ್ಯಿರಿ, ಅಥವಾ ಫೋನಿನಲ್ಲಿ ಸರಿಯಾಗಿ ಕಾಣುವಾಗ ಸ್ಕ್ರೀನ್‌ಶಾಟ್ ತೆಗೆದು ಕೊಡಿ. ಚರ್ಮದ ಮೇಲೆ ಸ್ಟೆನ್ಸಿಲ್, ಅಂದರೆ ಹಚ್ಚೆಯ ನಕ್ಷೆಯ ಅಚ್ಚು, ಅಂಟಿಸಿದ ಮೇಲೆ ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಓದಿ. ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಡಿ, ಅದು ತಿರುಗುಮುರುಗಾಗಿ ತೋರಿಸಬಹುದು. ಸ್ಟೆನ್ಸಿಲ್ ಓರೆಯಾಗಿದ್ದರೆ ಒರೆಸಿ ಮತ್ತೆ ಹಾಕಿ ಎನ್ನಲು ಸಂಕೋಚ ಬೇಡ. ಐದು ನಿಮಿಷದ ಕೆಲಸ ಅದು. ನೋಡುವಾಗ ಎದ್ದು ನಿಂತು ಕೈಯನ್ನು ಸಹಜವಾಗಿ ಇಳಿಬಿಡಿ. ಮೇಜಿನ ಮೇಲೆ ತಿರುಚಿಟ್ಟ ಕೈಯಲ್ಲಿ ನೇರವಾಗಿದ್ದ ಸಾಲು ಇಳಿಬಿಟ್ಟಾಗ ಸೊಟ್ಟಗಾಗುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಮೊದಲ ಹಚ್ಚೆಗೆ ಮುಂಗೈಯ ಒಳಬದಿ ಅಥವಾ ತೋಳಿನ ಹೊರಬದಿ ಒಳ್ಳೆಯದು. ಬೆರಳು, ಅಂಗೈ ಅಂಚು, ಪಾದದ ಪಕ್ಕ ಬೇಡ. ಅಲ್ಲಿ ಚರ್ಮ ಸದಾ ಸವೆಯುವುದರಿಂದ ಬಣ್ಣ ತೇಪೆ ತೇಪೆಯಾಗಿ ಹೋಗುತ್ತದೆ. ಗಾಯವಾದ ಕಡೆ ಉಬ್ಬುಗಟ್ಟುವ ಕೆಲಾಯ್ಡ್ ಗುಣ ಇದ್ದವರು ಚರ್ಮವೈದ್ಯರನ್ನು ಕೇಳದೆ ಹಾಕಿಸಬಾರದು. ಸೇನೆಗೋ ಅರೆಸೇನಾ ಪಡೆಗೋ ಸೇರುವ ಆಸೆಯಿರುವವರು ನೇಮಕಾತಿ ಅಧಿಸೂಚನೆಯಲ್ಲಿ ಟ್ಯಾಟೂ ನಿಯಮವನ್ನು ಮೊದಲು ಓದಿ. ಯಾವ ಕೈ, ಯಾವ ಬದಿ, ಎಷ್ಟು ದೊಡ್ಡದು ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಲಾವಿದರನ್ನು ಆರಿಸುವಾಗ ಎಲ್ಲರೂ ಇನ್‌ಸ್ಟಾಗ್ರಾಂ ನೋಡುತ್ತಾರೆ. ಅಲ್ಲಿರುವುದು ಹೆಚ್ಚಾಗಿ ಆಗಷ್ಟೇ ಮುಗಿದ ಕೆಲಸದ ಫೋಟೊ. ಊದಿದ ಚರ್ಮದ ಮೇಲೆ ಹಸಿ ಕಪ್ಪು ಯಾರ ಕೈಯಲ್ಲಾದರೂ ಚೆನ್ನಾಗಿಯೇ ಕಾಣುತ್ತದೆ. "ಒಂದು ವರ್ಷ ಹಳೆಯ, ಮಾಗಿದ ಕೆಲಸ ತೋರಿಸಿ" ಎಂದು ಕೇಳಿ. ಅದರಲ್ಲೂ ನಿಮ್ಮಂಥದ್ದೇ ಮೈಬಣ್ಣದ ಮೇಲಿನದು, ಕನ್ನಡ ಅಕ್ಷರದ್ದು. ಗೆರೆಯ ದಪ್ಪ ಎಲ್ಲ ಕಡೆ ಒಂದೇ ಇದೆಯೇ, ಸುಳಿ ಕೂಡುವಲ್ಲಿ ಬಣ್ಣ ಗಂಟುಗಟ್ಟಿದೆಯೇ, ಸುತ್ತ ನೀಲಿ ಮಬ್ಬಿದೆಯೇ ನೋಡಿ. ಭಾವಚಿತ್ರ ಅದ್ಭುತವಾಗಿ ಹಾಕುವವರ ಕೈಯಲ್ಲೂ ಅಕ್ಷರ ನಡುಗಬಹುದು, ಅದು ಬೇರೆಯೇ ಕಸುಬು. ಕಂದು ಮೈಯ ಮೇಲೆ ಬಿಳಿ, ತಿಳಿ ಹಳದಿ ಬೇಗ ಮಂಕಾಗುತ್ತವೆ ಎಂದು ತಾವಾಗಿಯೇ ಹೇಳುವವರನ್ನು ನಂಬಬಹುದು.

ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಸಾಲಾಗಿ ಹಚ್ಚೆ ಹುಯ್ಯುವವರ ಬಳಿ ದಯವಿಟ್ಟು ಕೈ ಚಾಚಬೇಡಿ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ರಕ್ತದ ಮೂಲಕ ಹೀಗೇ ದಾಟುತ್ತವೆ. ಹೊಳೆಯುವ ಸ್ಟುಡಿಯೋದಲ್ಲೂ ಕಣ್ಣಿಟ್ಟು ನೋಡಿ. ಸೂಜಿಯ ಕಾರ್ಟ್ರಿಜ್ ಇರುವ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಅದರ ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ಬಣ್ಣವನ್ನು ಹೊಸ ಪುಟ್ಟ ಕಪ್ಪಿಗೆ ಸುರಿದು ಬಳಸಿ, ಉಳಿದದ್ದನ್ನು ಎಸೆಯಬೇಕು. ಮಧ್ಯೆ ಫೋನ್ ಮುಟ್ಟಿದರೆ ಗ್ಲೌಸ್ ಬದಲಾಗಬೇಕು. ಬದಲಿಸದಿದ್ದರೆ ಹೇಳಿ. ಒಳ್ಳೆಯ ಕಲಾವಿದರು ಅದಕ್ಕೆ ಬೇಸರಿಸುವುದಿಲ್ಲ.

ದಿನಾಂಕವನ್ನೂ ಯೋಚಿಸಿ. ಗೋಕರ್ಣ, ಮಲ್ಪೆ ಪ್ರವಾಸದ ಹಿಂದಿನ ವಾರ ಬೇಡ. ಎರಡು-ಮೂರು ವಾರ ಸಮುದ್ರ, ಕೆರೆ, ಈಜುಕೊಳ ಯಾವುದಕ್ಕೂ ಇಳಿಯುವಂತಿಲ್ಲ. ಹಚ್ಚೆ ಹಾಕಿಸಿದ 12 ತಿಂಗಳು ರಕ್ತದಾನ ಮಾಡಲು ಬಿಡುವುದಿಲ್ಲ, ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ರಕ್ತ ಕೊಟ್ಟ ಮೇಲೇ ಬನ್ನಿ. ಹಿಂದಿನ ದಿನ ಮದ್ಯ ಬೇಡ. ಬರುವ ಮುಂಚೆ ಹೊಟ್ಟೆ ತುಂಬ ಊಟ ಮಾಡಿ, ಖಾಲಿ ಹೊಟ್ಟೆಯಲ್ಲಿ ಕೂತವರಿಗೆ ತಲೆ ಸುತ್ತುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ವೈದ್ಯರ ಒಪ್ಪಿಗೆ ಬೇಕು. ಗರ್ಭಿಣಿಯರು ಹೆರಿಗೆಯಾಗಿ ಹಾಲು ಬಿಡಿಸುವವರೆಗೆ ಕಾಯಲಿ.

ಮನೆಗೆ ಹೋದ ಮೇಲೆ ದಿನಕ್ಕೆ ಎರಡು-ಮೂರು ಸಲ ಸುವಾಸನೆ ಇಲ್ಲದ ಸೋಪಿನಲ್ಲಿ ಮೆಲ್ಲನೆ ತೊಳೆದು, ಒತ್ತಿ ಒರೆಸಿ, ಸ್ಟುಡಿಯೋ ಹೇಳಿದ ಕ್ರೀಮನ್ನು ತೆಳುವಾಗಿ ಸವರಿ. ದಪ್ಪಗೆ ಮೆತ್ತಿದರೆ ಗಾಯ ಬೆವೆತು ಹಕ್ಕಳೆ ಕರಗಿ ಬಣ್ಣ ಎಳೆದುಕೊಂಡು ಹೋಗುತ್ತದೆ. ಅಜ್ಜಿ ಪ್ರೀತಿಯಿಂದ ಅರಿಸಿನ ಹಚ್ಚಲು ಬಂದರೂ ಹಸಿ ಗಾಯಕ್ಕೆ ಬೇಡ ಎನ್ನಿ. ನಾಲ್ಕೈದನೆಯ ದಿನಕ್ಕೆ ಸಿಪ್ಪೆ ಏಳುತ್ತದೆ, ತುರಿಸುತ್ತದೆ, ಕೆರೆಯಬೇಡಿ. ಮೂರು ದಿನದ ಮೇಲೂ ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಬಂದರೆ ಸ್ಟುಡಿಯೋಗೆ ಫೋಟೊ ಕಳಿಸುತ್ತ ಕೂರದೆ ಡಾಕ್ಟರ ಹತ್ತಿರ ಹೋಗಿ. ಗೆರೆ ಎಲ್ಲಿ ತುಂಡಾಗಿದೆ ಎಂದು ಸರಿಯಾಗಿ ಕಾಣುವುದು 4ರಿಂದ 6 ವಾರದ ನಂತರ. ಆಗ ಹಗಲು ಬೆಳಕಿನಲ್ಲಿ ಇನ್ನೊಮ್ಮೆ ಒಂದೊಂದೇ ಅಕ್ಷರ ಓದಿ ನೋಡಿ, ತುಂಡಾದ ಗೆರೆ ತಿದ್ದಿಸಲು ಟಚ್‌ಅಪ್‌ಗೆ ಹೋಗಿ. ಅದಕ್ಕೆ ಬೇರೆ ಹಣ ಕೊಡಬೇಕೇ ಎಂಬುದನ್ನು ಮುಂಗಡ ಕೊಡುವ ದಿನವೇ ಕೇಳಿಟ್ಟುಕೊಳ್ಳಿ.