ಕೊಂಬೆಯ ಮೇಲಿನ ಪುಟ್ಟ ಬಟ್ಟಲು ಅಣಬೆ: ಮೊದಲು ನೀರು, ಆಮೇಲೆ ಅಯೋಡಿನ್

ತೊಗಟೆ ಕಳಚಿದ ಒದ್ದೆ ಕೊಂಬೆಯ ಮೇಲೆ ಒಂದು ಮಿಲಿಮೀಟರ್ ಅಗಲದ ಬೂದು ಬಟ್ಟಲುಗಳು ಕಂಡರೆ ಬರೀ ಫೋಟೊ ನೋಡಿ ಹೆಸರಿಡಬೇಡಿ. ಮೊಲ್ಲಿಸಿಯಾ ಎಂಬ ಬಟ್ಟಲು ಅಣಬೆಯ ಕುಲ ಇದ್ದೀತು, ಇಲ್ಲದೆಯೂ ಇದ್ದೀತು.

ಬಟ್ಟಲು ಜೀವಂತವಿರುವಾಗಲೇ ನಡುವೆ ಬ್ಲೇಡಿನಿಂದ ತೆಳ್ಳಗೆ ಸೀಳಿ, ಒಂದು ಹನಿ ನಲ್ಲಿನೀರಿನಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ. ಜೋರಾಗಿ ಒತ್ತಿದರೆ ಹೊರಗೋಡೆಯ ಕೋಶಗಳ ಜೋಡಣೆ ಕೆಡುತ್ತದೆ. ಗುರುತಿಗೆ ಬೇಕಾದದ್ದೇ ಅದು. ಮೊಲ್ಲಿಸಿಯಾದಲ್ಲಿ ಆ ಕೋಶಗಳು ಕಂದು, ದುಂಡಗೆ. ಆಸ್ಕಸ್‌ಗಳ (ಬೀಜಕ ತುಂಬಿದ ಚೀಲಗಳ) ನಡುವಿನ ಪ್ಯಾರಾಫೈಸಿಸ್ ಎಂಬ ಬೀಜಕವಿಲ್ಲದ ಎಳೆಗಳೊಳಗೆ ಎಣ್ಣೆಯಂತೆ ಹೊಳೆಯುವ ಉದ್ದನೆಯ ವ್ಯಾಕ್ಯುವೋಲ್ (ಕೋಶದೊಳಗಿನ ದ್ರವದ ಚೀಲ) ಇರುತ್ತದೆ. ಕೋಶ ಸತ್ತರೆ ಅದೂ ಮಾಯ. ಹಾಗಾಗಿ ಕೋಶವನ್ನು ಕೊಲ್ಲುವ ಶೇ. 5ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೊನೆಗೆ, ಇನ್ನೊಂದು ಸೀಳಿಗೆ. ಕೆಲವು ಪ್ರಭೇದಗಳಲ್ಲಿ ಹಳದಿ ಬಣ್ಣ ಹೊರಹೊಮ್ಮುತ್ತದೆ.

ಅಯೋಡಿನ್‌ಗೆ ಲೂಗಾಲ್ ದ್ರಾವಣವೇ (ನೀರಿನಲ್ಲಿ ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್) ಸರಿ. ಇನ್ನೊಂದು ಅಯೋಡಿನ್ ದ್ರಾವಣವಾದ ಮೆಲ್ಜರ್‌ನಲ್ಲಿರುವ ಕ್ಲೋರಲ್ ಹೈಡ್ರೇಟ್ ಕೆಲವು ಆಸ್ಕಸ್‌ಗಳ ಕೆಂಪು ಪ್ರತಿಕ್ರಿಯೆಯನ್ನು ನುಂಗಿಹಾಕುತ್ತದೆ, ನೀವು ‘ಬಣ್ಣವಿಲ್ಲ’ ಎಂದು ಬರೆದುಬಿಡುತ್ತೀರಿ. ಆಯಿಲ್ ಇಮ್ಮರ್ಶನ್‌ನಲ್ಲಿ (ಎಣ್ಣೆ ಹನಿ ಹಾಕಿ ನೋಡುವ ಮಸೂರದಲ್ಲಿ) ಆಸ್ಕಸ್‌ನ ತುದಿಯಷ್ಟನ್ನೇ, ಅದು ನೀಲಿ ಅಥವಾ ಕೆಂಪಾಯಿತೇ ಎಂದು ನೋಡಿ.

ಅಂಚಿನಲ್ಲಿ ಕೂದಲು, ಆಸ್ಕಸ್‌ಗಿಂತ ಮೇಲೆ ಚಾಚಿದ ಈಟಿಯಂಥ ಪ್ಯಾರಾಫೈಸಿಸ್ ಇದ್ದರೆ ಲ್ಯಾಕ್ನಮ್ ಎಂಬ ಇನ್ನೊಂದು ಕುಲದ ಕಡೆ ತಿರುಗಿ. ಬಟ್ಟಲು ಮೇಣದಂತೆ ಪಾರದರ್ಶಕವಾಗಿದ್ದು ಅಯೋಡಿನ್‌ನಲ್ಲಿ ಆಸ್ಕಸ್‌ನ ತುದಿ ನೀಲಿಯಾಗದಿದ್ದರೆ ಆರ್ಬಿಲಿಯಾ ಕುಲ ಇರಬಹುದು. ಅದರ ಬೀಜಕದೊಳಗಿನ ಹೊಳೆಯುವ ಕಾಯ ಕಾಣುವುದು ಜೀವಂತ ಬೀಜಕದಲ್ಲಿ ಮಾತ್ರ.

ಅಳತೆಗೆ ಆಸ್ಕಸ್‌ನಿಂದ ಹೊರಬಿದ್ದ ಬೀಜಕಗಳನ್ನಷ್ಟೇ ತೆಗೆದುಕೊಳ್ಳಿ, ಇಪ್ಪತ್ತಾದರೂ ಇರಲಿ. ಒಳಗಿರುವವು ಇನ್ನೂ ಬಲಿಯದೇ ಇರಬಹುದು.